ಸೇಲಿಂಗ್‌ಗೆ ಹೋದವರ ಮನೆ: ಎರಡು ಸೀರಿಯಲ್, ಒಂದು ಮಳೆಗಾಲ

ನಮ್ಮವರು ನೇವಿಯಲ್ಲಿದ್ದಾಗ ನಾಲ್ಕು ವರ್ಷ ಕಾರವಾರದ ಕ್ವಾರ್ಟರ್ಸ್‌ನಲ್ಲಿದ್ದೆ. ಈಗ ವಿರಾಜಪೇಟೆ. ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಇದ್ದಷ್ಟು ಹೊತ್ತು ಅತ್ತೆ, ನಾನು ಕೂತು ನೋಡಿದ್ದು ಅಮೆರಿಕದ ‘ಆರ್ಮಿ ವೈವ್ಸ್’ ಮತ್ತು ಬಿಬಿಸಿಯ ‘ವಿಜಿಲ್’. ಮೊದಲನೆಯದು ಭೂಸೇನೆಯ ಕಥೆ, ಎರಡನೆಯದು ನೌಕಾನೆಲೆಯದು.

‘ಆರ್ಮಿ ವೈವ್ಸ್’ 2007ರಿಂದ 2013ರವರೆಗೆ ಏಳು ಸೀಸನ್ ಓಡಿತು. ನಾವು ನೋಡಿದ್ದು ಒಂದೇ. ದುಡ್ಡಿಗಾಗಿ ಬೇರೆಯವರ ಅವಳಿ ಮಕ್ಕಳನ್ನು ಹೊತ್ತ ಪಮೇಲಾಗೆ ಮೊದಲ ಕಂತಲ್ಲೇ ಬಾರ್‌ನ ಪೂಲ್ ಟೇಬಲ್ ಮೇಲೆ ಹೆರಿಗೆ! ಆ ಗುಟ್ಟು ಕಾಪಾಡಲು ಹೋಗಿ ಸೈನಿಕರ ಹೆಂಡತಿಯರಾದ ಇವರೆಲ್ಲ ಗೆಳತಿಯರಾಗುತ್ತಾರೆ. ಅತಿಯಾಯಿತು ಅನ್ನಿಸಿದರೂ ಬೇರು ಸುಳ್ಳಲ್ಲ. ಕಾರವಾರದಲ್ಲಿ ಮಗನಿಗೆ ರಾತ್ರಿ ಎರಡಕ್ಕೆ ಜ್ವರ ಏರಿದಾಗ ನಾನು ಬಾಗಿಲು ತಟ್ಟಿದ್ದು ಎದುರು ಮನೆಯ ಬಿಹಾರದವಳದ್ದು. ಅವಳ ಹಿಂದಿ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವಳಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಇಂದಿಗೂ ಫೋನು ಮಾಡುತ್ತಾಳೆ.

ಅತ್ತೆಗೆ ಒಪ್ಪಿಗೆಯಾಗದ್ದು ಬೇರೆ. ಮಾವ ಸುಬೇದಾರರಾಗಿದ್ದವರು. “ಸಿಪಾಯಿ ಹೆಂಡತಿ ಕರ್ನಲ್ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಾ? ಸುಮ್ಮನಿರು ಮಗಳೇ!”

‘ವಿಜಿಲ್’ 2021ರದು, ಮೊದಲ ಸರಣಿ ಆರೇ ಕಂತು. ಅಣ್ವಸ್ತ್ರ ಹೊತ್ತ ಸಬ್‌ಮರೀನಿನಲ್ಲಿ ಸಾವೊಂದು ಸಂಭವಿಸಿ, ತನಿಖೆಗೆ ಆಮಿ ಎಂಬ ಪೊಲೀಸ್ ಅಧಿಕಾರಿಯನ್ನು ಒಳಗೆ ಇಳಿಸುತ್ತಾರೆ. ದಡದಲ್ಲಿ, ಸ್ಕಾಟ್ಲೆಂಡಿನ ನೆಲೆಯ ಸುತ್ತ ಓಡಾಡುವ ಕರ್ಸ್ಟನ್ ಅವಳ ಸಹೋದ್ಯೋಗಿ. ಇಬ್ಬರೂ ಪ್ರೀತಿಸಿ ದೂರವಾದವರು. ಸಬ್‌ಮರೀನಿರುವ ಜಾಗ ಶತ್ರುವಿಗೆ ಸಿಗಬಾರದಲ್ಲ, ಹಾಗಾಗಿ ದಡದಿಂದ ಚುಟುಕು ಸಂದೇಶ ಒಳಗೆ ಹೋಗುತ್ತದೆ, ಉತ್ತರ ಬರುವಂತಿಲ್ಲ. ಕೊಲೆಗಾರ ಯಾರೆಂಬುದನ್ನು ಬಿಟ್ಟು ನಾನು ಆ ಸಂದೇಶಗಳನ್ನೇ ಕಾಯುತ್ತಿದ್ದೆ. ಮಗ ಬಿದ್ದು ಕೈ ಮುರಿದುಕೊಂಡದ್ದನ್ನು ಶಿಪ್ ಬಂದರಿಗೆ ಬರುವವರೆಗೆ ನಾನು ಇವರಿಗೆ ತಿಳಿಸಿರಲಿಲ್ಲ. “ನಂಗೊಂದು ಮಾತು ಹೇಳಬಾರದಿತ್ತಾ” ಎಂದು ಈಗಲೂ ಎತ್ತುತ್ತಾರೆ. ಸೇಲಿಂಗ್ ಮುಗಿಸಿ ಬಂದ ಗಂಡ ಮೊದಲೆರಡು ದಿನ ಮನೆಗೆ ನೆಂಟನ ಹಾಗೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದೂ ಕೇಳಬೇಕು. ಆ ಬಿಗುವು ‘ವಿಜಿಲ್’ನಲ್ಲಿ ಸಿಕ್ಕಿತು. ಸಬ್‌ಮರೀನ್ ಒಳಗಿನ ಅಗಲ ನೋಡಿ ಮಾತ್ರ ಇವರು ನಕ್ಕರು.

ಸಂಸಾರದ ಮೌನ ಬೇಕಿದ್ದರೆ ‘ವಿಜಿಲ್’, ಅಕ್ಕಪಕ್ಕದವರ ಆಸರೆ ಬೇಕಿದ್ದರೆ ಇನ್ನೊಂದು. ನನ್ನ ಓಟು ‘ವಿಜಿಲ್’ಗೆ. ಅತ್ತೆಯದು ಬದಲಾಗಿದೆ: ‘ಆರ್ಮಿ ವೈವ್ಸ್’ ಮೊದಲ ಸೀಸನ್ನಿನ ಕೊನೆಗೆ ಅದೇ ಬಾರ್‌ನಲ್ಲಿ ಬಾಂಬು ಸಿಡಿಯುತ್ತದೆ. ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಮೂರು ದಿನ ಕರೆಂಟಿಲ್ಲ. “ಆ ಹೆಣ್ಣುಮಕ್ಕಳ ಗತಿ ಏನಾಯಿತೋ” ಎಂದು ಒಲೆ ಮುಂದೆ ಕೂತು ದಿನಕ್ಕೆ ನಾಲ್ಕು ಸಲ ಕೇಳಿದರು.