ರಿವಾರ್ಡ್ ಪಾಯಿಂಟ್‌ಗಳಿಂದ ಟಿಕೆಟ್ ಮಾಡಿಸಿಕೊಡುವ ಸೇವೆ: ಶುಲ್ಕ ಸರಿಯೇ?

ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟ್‌ಗಳಿಂದ ವಿಮಾನದ ಟಿಕೆಟ್ ಮಾಡಿಸಿಕೊಡುವ, ಶಿವಮೊಗ್ಗದ ದುರ್ಗಿಗುಡಿಯ ಸಣ್ಣ ಕಚೇರಿಯೊಂದು ತಲೆಗೆ 3,000 ರೂಪಾಯಿ ಶುಲ್ಕ ಪಡೆಯುತ್ತದೆ. ಪಾಯಿಂಟ್‌ಗಳನ್ನು ಒಮ್ಮೆ ವಿಮಾನ ಸಂಸ್ಥೆಯ ಮೈಲ್‌ಗಳಾಗಿ (ಆ ಸಂಸ್ಥೆಯಲ್ಲಿ ಟಿಕೆಟ್ ಪಡೆಯಲು ಬಳಸುವ ಅಂಕಗಳಾಗಿ) ವರ್ಗಾಯಿಸಿದರೆ ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲಾಗದು; ಆದ್ದರಿಂದ ಸಿಂಗಪುರಕ್ಕೆ ಹೊರಟಿದ್ದ ನಮಗೆ ಸೀಟು ಇರುವುದನ್ನು ಪರದೆಯ ಮೇಲೆ ತೋರಿಸಿದ ನಂತರವೇ ವರ್ಗಾವಣೆ ಮಾಡಿಸಿದ ಅವರ ಎಚ್ಚರಕ್ಕೆ ಈ ಹಣ ಖಂಡಿತ ಸಲ್ಲಬೇಕು. ತೆರಿಗೆ, ಇಂಧನ ಸರ್‌ಚಾರ್ಜುಗಳನ್ನು ಹಣವಾಗಿಯೇ ಕಟ್ಟಬೇಕಾಗುತ್ತದೆ ಎಂಬುದನ್ನೂ ಮೊದಲೇ ಹಾಳೆಯ ಮೇಲೆ ಲೆಕ್ಕ ಬರೆದು ವಿವರಿಸಿದರು.

ಆದರೆ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವ ಟಿಕೆಟಿಗೂ ಅಷ್ಟೇ ಶುಲ್ಕ ಕೇಳುವುದು ನ್ಯಾಯವೆನಿಸುವುದಿಲ್ಲ, ಏಕೆಂದರೆ ಅಲ್ಲಿ ಉಳಿಯುವ ಹಣವೇ ಶುಲ್ಕಕ್ಕಿಂತ ಕಡಿಮೆಯಾಗಬಹುದು. ಪ್ರಯಾಣದ ದೂರಕ್ಕೆ ತಕ್ಕಂತೆ ದರ ನಿಗದಿಪಡಿಸಿ, ಸೀಟು ಸಿಗದಿದ್ದರೆ ಶುಲ್ಕ ಮರಳಿಸುವುದಾಗಿ ಅವರು ರಸೀದಿಯಲ್ಲಿಯೇ ನಮೂದಿಸಬೇಕು.