ಘಟ್ಟ ಹತ್ತುವವರಿಗೆ ಈಗಲೂ ಫಿಗೋ ಡೀಸೆಲ್ಲೇ ಸೈ

ಹಳೆ ಫೋರ್ಡ್ ಫಿಗೋ ಡೀಸೆಲ್ ಈಗ ತಗೊಳ್ಳಬಹುದಾ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ತಗೊಳ್ಳಿ ಅಂತಲೇ ನನ್ನ ಉತ್ತರ. ಆದರೆ ಎಲ್ಲರಿಗೂ ಅಲ್ಲ. ನೀವು ಉಡುಪಿ, ಮಂಗಳೂರು ಕಡೆಯವರಾಗಿದ್ದು, ಆಗಾಗ ಘಟ್ಟದ ಮೇಲೆ ಹೋಗಿ ಬರುವವರಾಗಿದ್ದು, ಕಾರು ಓಡಿಸುವುದೇ ನಿಮಗೆ ಖುಷಿ ಆಗಿದ್ದರೆ ಕಣ್ಣು ಮುಚ್ಚಿ ಹುಡುಕಲು ಶುರು ಮಾಡಿ. ದಿನಾ ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರು ಬೇರೆ ಏನಾದರೂ ನೋಡಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ನನ್ನದು ಎರಡನೇ ತಲೆಮಾರಿನ ಫಿಗೋ, 2015ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತಲ್ಲ, ಅದು. ಕೆಎ 20 ನಂಬರಿನದ್ದು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಬಾನೆಟ್ ಒಳಗೆ 1498 ಸಿಸಿಯ ಟಿಡಿಸಿಐ ಡೀಸೆಲ್ ಇಂಜಿನ್ ಉಂಟು. 100 ಪಿಎಸ್ ಶಕ್ತಿ, 215 ಎನ್‌ಎಂ ಟಾರ್ಕ್ (ಅಂದರೆ ಎಳೆಯುವ ಬಲ), 5 ಗೇರಿನ ಮ್ಯಾನುವಲ್. ಆ ಹೊತ್ತಿನ ಸ್ವಿಫ್ಟ್ ಡೀಸೆಲ್‌ನಲ್ಲಿ 75 ಪಿಎಸ್, 190 ಎನ್‌ಎಂ ಇತ್ತು. 1.2 ಲೀಟರ್ ಪೆಟ್ರೋಲ್ ಕಾರುಗಳ ಟಾರ್ಕ್ ಹೆಚ್ಚಾಗಿ 110ರ ಆಸುಪಾಸಿನಲ್ಲೇ ಇರುತ್ತದೆ. ಕಾಗದದ ಮೇಲೆ ಈ ನಂಬರುಗಳನ್ನು ಎಲ್ಲರೂ ಓದುತ್ತಾರೆ, ಅದು ಕಾಲಿಗೆ ಗೊತ್ತಾಗುವುದು ಏರು ಬಂದಾಗ.

ಉಡುಪಿಯಿಂದ ಹೊರಟು ಮಣಿಪಾಲ, ಪರ್ಕಳ, ಹಿರಿಯಡ್ಕ, ಹೆಬ್ರಿ ದಾಟಿದರೆ ಸೋಮೇಶ್ವರ. ಅಲ್ಲಿಂದ ಮೇಲೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ರಸ್ತೆ ಕಿರಿದು, ತಿರುವುಗಳು ತೀರಾ ಕಡಿದು, ಎದುರಿನಿಂದ ಮಿನಿ ಬಸ್ ಬಂದರೆ ಕೆಲವು ಕಡೆ ನೀವು ನಿಲ್ಲಲೇಬೇಕು. ಇಂಥ ಕಡೆ ಟಾಪ್ ಸ್ಪೀಡ್ ಯಾರಿಗೆ ಬೇಕು? ತಿರುವಿನಲ್ಲಿ ಗಾಡಿ ಪೂರ್ತಿ ನಿಧಾನ ಮಾಡಿ, ಸ್ಟೇರಿಂಗ್ ತಿರುಗಿಸಿ, ಮತ್ತೆ ನೇರ ಆದಮೇಲೆ ಎರಡನೇ ಗೇರಿನಲ್ಲೇ ತಡವರಿಸದೆ ಎಳೆದುಕೊಂಡು ಹೋಗುತ್ತದಾ ಇಲ್ಲವಾ, ಅಷ್ಟೇ ವಿಷಯ. ಫಿಗೋ ಹೋಗುತ್ತದೆ. ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಇಟ್ಟು, ಎಸಿ ಹಾಕಿದರೂ ಹೋಗುತ್ತದೆ. ಸಾವಿರ ಕೆಜಿ ಚಿಲ್ಲರೆ ತೂಕದ ಸಣ್ಣ ಗಾಡಿಗೆ ಇಷ್ಟು ಟಾರ್ಕ್ ಕೊಟ್ಟದ್ದೇ ಇದರ ಗುಟ್ಟು. ಮೊದಲ ಗೇರಿಗೆ ಇಳಿಸುವ ಪ್ರಸಂಗ ಬರುವುದು ತಿರುವಿನ ನಡುವೆ ಯಾರಾದರೂ ನಿಲ್ಲಿಸಿಬಿಟ್ಟಾಗ ಮಾತ್ರ.

ಒಂದು ವಿಷಯ ಗೊತ್ತಿರಲಿ. ಇದು ಟರ್ಬೊ ಡೀಸೆಲ್, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಫ್ಯಾನ್ ಇರುವಂಥದ್ದು, ಹಾಗಾಗಿ 1700 ಆರ್‌ಪಿಎಂ ಒಳಗೆ ಸ್ವಲ್ಪ ಮಂಕು. ಆ ಗಡಿ ದಾಟಿದ ಕೂಡಲೇ ಎಳೆತ ಒಮ್ಮೆಲೇ ಬರುತ್ತದೆ, 3000ದವರೆಗೆ ಹಾಗೇ ಇರುತ್ತದೆ. ಹಾಗಾಗಿ ತಿರುವಿಗೆ ಹೋಗುವ ಮೊದಲೇ ಗೇರ್ ಇಳಿಸಿ ಇಂಜಿನ್ನನ್ನು ತಯಾರು ಇಟ್ಟುಕೊಳ್ಳಬೇಕು. ಮೂರನೇ ಗೇರಿನಲ್ಲೇ ನುಗ್ಗಿ, ಅರ್ಧ ತಿರುವಿನಲ್ಲಿ ಗಾಡಿ ಸಾಯುವಾಗ ಹಾಫ್ ಕ್ಲಚ್ ಹಿಡಿದು ಎಳೆಸುವವರನ್ನು ತುಂಬ ನೋಡಿದ್ದೇನೆ. ಕ್ಲಚ್ ಪ್ಲೇಟ್ ಬೇಗ ಹೋಗುವುದು ಹಾಗೆಯೇ. ಮತ್ತೆ, ಘಾಟಿ ಹತ್ತಿ ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ತಟ್ಟನೆ ಇಂಜಿನ್ ಆಫ್ ಮಾಡಬೇಡಿ. ಅರ್ಧ ನಿಮಿಷ ಸುಮ್ನೆ ಓಡಲಿ, ಟರ್ಬೊ ಸ್ವಲ್ಪ ತಣಿಯಲಿ.

ಇಳಿಯುವಾಗಲೂ ಇದೇ ಲೆಕ್ಕ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಎರಡರಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ತಿರುವಿಗೆ ಮಾತ್ರ ಸಾಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ಇನ್ನೂ ಕೆಲವರಿಗೆ ಉಂಟು, ದಯವಿಟ್ಟು ಬೇಡ ಮಾರಾಯ್ರೆ. ಬ್ರೇಕ್ ಕಾದು ಸುಟ್ಟ ವಾಸನೆ ಬರುವುದು ಅಂಥ ಗಾಡಿಗಳಿಂದಲೇ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು 2017ರ ಚಾಲನಾ ನಿಯಮಗಳಲ್ಲೇ ಉಂಟು, ಅದು ಬರಿ ಮರ್ಯಾದೆಯ ಮಾತಲ್ಲ. ಇನ್ನೊಂದು, ತಿರುವಿನಲ್ಲಿ ನಿಲ್ಲಿಸಿ ಮಂಗಗಳಿಗೆ ಚಿಪ್ಸ್ ಹಾಕಬೇಡಿ. ಅವು ರಸ್ತೆಗೆ ಬಂದು ಕೂರಲು ಕಲಿಯುವುದು ಇದರಿಂದಲೇ, ಆಮೇಲೆ ಗಾಡಿ ಅಡಿಗೆ ಬೀಳುವುದೂ ಅವೇ.

ಸ್ಟೇರಿಂಗ್ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 2010ರಲ್ಲಿ ಬಂದ ಮೊದಲ ಫಿಗೋದಲ್ಲಿ ಹೈಡ್ರಾಲಿಕ್ ಸ್ಟೇರಿಂಗ್ ಇತ್ತು, ಚಕ್ರದ ಅಡಿಯಲ್ಲಿ ರಸ್ತೆ ಹೇಗುಂಟು ಅಂತ ಅಂಗೈಗೆ ಗೊತ್ತಾಗುತ್ತಿತ್ತು. ಅದರ ಡೀಸೆಲ್ 1.4 ಲೀಟರಿನದ್ದು, ಬರಿ 69 ಪಿಎಸ್, ಆದರೂ ಓಡಿಸುವ ಖುಷಿಗೆ ಕಡಿಮೆ ಇರಲಿಲ್ಲ. 2015ರ ಗಾಡಿಗೆ ಎಲೆಕ್ಟ್ರಿಕ್ ಸ್ಟೇರಿಂಗ್ ಬಂತು. ಅಂಗೈಗೆ ಸಿಗುತ್ತಿದ್ದ ಆ ಸುದ್ದಿ ಕಡಿಮೆ ಆಯಿತು. ನನಗೆ ಹಳೆಯದೇ ಇಷ್ಟ. ಆದರೆ ಮಂಗಳೂರಿನ ಬೆಂದೂರ್‌ವೆಲ್, ಕದ್ರಿ, ಬಿಜೈ ಕಡೆಯ ಏರು ತಗ್ಗಿನ ಗಲ್ಲಿಗಳಲ್ಲಿ, ಎರಡೂ ಬದಿ ಕೆಂಪುಕಲ್ಲಿನ ಕಂಪೌಂಡ್ ಇರುವಲ್ಲಿ, ಗಾಡಿ ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಈ ಹಗುರ ಸ್ಟೇರಿಂಗೇ ಅನುಕೂಲ. ಮನೆಯಲ್ಲಿ ಅಕ್ಕನೂ ಇದೇ ಕಾರು ಓಡಿಸುತ್ತಾಳೆ, ಅವಳು ಹಳೆಯದನ್ನು ಮುಟ್ಟುತ್ತಲೇ ಇರಲಿಲ್ಲ.

ಹೆದ್ದಾರಿಯದ್ದು ಬೇರೆಯೇ ಕತೆ. ಉಡುಪಿಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಕಟಪಾಡಿ, ಪಡುಬಿದ್ರಿ, ಮುಲ್ಕಿ, ಸುರತ್ಕಲ್‌ಗಳಲ್ಲಿ ಪೇಟೆ ಬಂದಾಗೆಲ್ಲ ನಿಧಾನ ಮಾಡಬೇಕು, ಮತ್ತೆ ವೇಗ ಹಿಡಿಯಬೇಕು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಯಾವಾಗಲೂ ಇರುತ್ತದೆ, ಅಲ್ವಾ? ನಾಲ್ಕನೇ ಗೇರಿನಲ್ಲಿ ಸುಮ್ನೆ ಕಾಲು ಒತ್ತಿದರೆ ಸಾಕು, ಫಿಗೋ ಬೇಗ ಮುಂದೆ ಹೋಗಿ ಎಡಕ್ಕೆ ಸರಿಯುತ್ತದೆ. ಸಸ್ಪೆನ್ಶನ್ ಮೆತ್ತಗೆ ಉಂಟು. ಮಳೆಗಾಲದ ಹೊಂಡಗಳಿಗೆ ಅದು ಒಳ್ಳೆಯದು, ಆದರೆ ವೇಗದಲ್ಲಿ ಲೇನ್ ಬದಲಿಸಿದರೆ ಮೈ ಸ್ವಲ್ಪ ತೂಗುತ್ತದೆ. ಅದು ಬೇಡ ಅನ್ನುವವರು 2017ರಲ್ಲಿ ಬಂದ ಫಿಗೋ ಎಸ್ ಹುಡುಕಿ, ಅದರ ಸಸ್ಪೆನ್ಶನ್ ಗಟ್ಟಿ, ಟೈರ್ 15 ಇಂಚಿನದ್ದು. ಮೈಲೇಜ್ ಹೆದ್ದಾರಿಯಲ್ಲಿ 20ರ ಮೇಲೆಯೇ ಸಿಗುತ್ತದೆ, ಘಾಟಿ ಸೇರಿದರೆ ಅದಕ್ಕಿಂತ ಕಡಿಮೆ. 40 ಲೀಟರ್ ಟ್ಯಾಂಕ್ ತುಂಬಿಸಿದರೆ ಮತ್ತೆ ತುಂಬಾ ದಿನ ಬಂಕಿನ ನೆನಪಾಗುವುದಿಲ್ಲ.

ನಮ್ಮದೊಂದು ಸಣ್ಣ ಗುಂಪು ಉಂಟು, ಎಲ್ಲರೂ ಓಡಿಸುವ ಹುಚ್ಚಿನವರು. ಪುರುಸೊತ್ತಾದ ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟು ಕಾರ್ಕಳ, ಬಜಗೋಳಿ, ಮಾಳ ದಾಟಿ ಕುದುರೆಮುಖದ ರಸ್ತೆ ಹಿಡಿಯುತ್ತೇವೆ. ಅದು ರಾಷ್ಟ್ರೀಯ ಉದ್ಯಾನದ ಒಳಗಿನ ದಾರಿ, ಕಾಡಿನ ನಡುವೆ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಕಳಸದಲ್ಲಿ ತಿಂಡಿ ತಿಂದು, ಬರುವಾಗ ಕಾರು ಬದಲಿಸಿಕೊಂಡು ಓಡಿಸುತ್ತೇವೆ. ಹಾಗಾಗಿ ಬೇರೆಯವರ ಗಾಡಿಗಳೂ ಇದೇ ದಾರಿಯಲ್ಲಿ ಹೇಗೆ ಅಂತ ಗೊತ್ತು.

ಭಾವನದ್ದು ಫೋಕ್ಸ್‌ವ್ಯಾಗನ್ ಪೋಲೋ, 1.0 ಲೀಟರ್ ಪೆಟ್ರೋಲ್ ಟಿಎಸ್‌ಐ, 110 ಪಿಎಸ್, 6 ಗೇರ್. ಗಾಡಿ ಗಟ್ಟಿಮುಟ್ಟು, ಬಾಗಿಲು ಹಾಕಿದ ಸದ್ದಿನಲ್ಲೇ ಅದು ಗೊತ್ತಾಗುತ್ತದೆ. ತಿರುವಿನಲ್ಲಿ ನನ್ನದಕ್ಕಿಂತ ಚೆನ್ನಾಗಿ ನೆಲ ಕಚ್ಚುತ್ತದೆ, ಇದನ್ನು ಭಾವನ ಎದುರೂ ಹೇಳಿದ್ದೇನೆ. "ನಿನ್ನದು ಎಳೆಯುತ್ತದೆ ಮಾರಾಯ, ನನ್ನದು ಓಡುತ್ತದೆ" ಅಂತ ಅವರು ಹೇಳುವುದರಲ್ಲಿ ಸತ್ಯ ಉಂಟು. ಆದರೆ ಗಾಡಿ ತುಂಬ ಜನ ಕೂತರೆ ಏರಿನಲ್ಲಿ ಗೇರ್ ಜಾಸ್ತಿ ಬದಲಿಸಬೇಕಾಗುತ್ತದೆ. ಗೆಳೆಯನೊಬ್ಬನದ್ದು ಮಾರುತಿಯ ಜಿಮ್ನಿ ಜೀಪು. ಅಡಿಕೆ ತೋಟದ ಕೆಸರಿನ ದಾರಿಯಲ್ಲಿ ಅದಕ್ಕೆ ಸಾಟಿ ಇಲ್ಲ, ಆದರೆ ಡಾಂಬರು ಘಾಟಿಯಲ್ಲಿ 134 ಎನ್‌ಎಂ ಪೆಟ್ರೋಲ್ ಇಂಜಿನ್ನನ್ನು ಸ್ವಲ್ಪ ಕಿರುಚಿಸಲೇಬೇಕು. ನೆರೆಮನೆಯವರ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಓಡಿಸಿದ್ದು ನನಗೆ ನಿಜಕ್ಕೂ ಹೊಸ ಅನುಭವ. ಟರ್ಬೊಗೆ ಕಾಯುವುದೆಲ್ಲ ಅದರಲ್ಲಿ ಇಲ್ಲ, ಕಾಲಿಟ್ಟ ಕ್ಷಣವೇ ಎಳೆತ. ಇಳಿಯುವಾಗ ಕಾಲು ತೆಗೆದರೆ ತಾನೇ ವೇಗ ಕಡಿಮೆ ಮಾಡಿಕೊಂಡು ಬ್ಯಾಟರಿಗೂ ಒಂದಿಷ್ಟು ಚಾರ್ಜ್ ತುಂಬಿಸಿಕೊಳ್ಳುತ್ತದೆ. ಹತ್ತುವಾಗ ಮಾತ್ರ ಬ್ಯಾಟರಿ ಬೇಗ ಇಳಿಯುತ್ತದೆ, ಕಳಸ, ಹೊರನಾಡು ಕಡೆ ಹೋಗುವುದಾದರೆ ಚಾರ್ಜಿಂಗ್ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ನನಗೆ ಗೇರ್ ಹಾಕುವ ಕೈಕೆಲಸವೇ ಇಷ್ಟ, ಅದು ಇಲ್ಲದೆ ಘಾಟಿ ಹತ್ತಿದರೆ ಏನೋ ಬಾಕಿ ಉಳಿದ ಹಾಗೆ ಆಗುತ್ತದೆ.

ಈಗ ನಮ್ಮ ಕರಾವಳಿಯ ಮಳೆ. ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಬೀಳುವ ಊರು ನಮ್ಮದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇದರ ಮೇಲೆ ಸಮುದ್ರದ ಉಪ್ಪು ಗಾಳಿ. ಬೆಂಗಳೂರಿನ ಹತ್ತು ವರ್ಷದ ಕಾರು ಮತ್ತು ಮಲ್ಪೆಯ ಹತ್ತು ವರ್ಷದ ಕಾರು ಅಡಿಯಿಂದ ನೋಡಿದರೆ ಒಂದೇ ಅಲ್ಲ. ಹಳೆ ಗಾಡಿ ತಗೊಳ್ಳುವವರು ಪೇಂಟ್ ನೋಡಿ ಮರುಳಾಗಬೇಡಿ. ಲಿಫ್ಟ್ ಮೇಲೆ ಹತ್ತಿಸಿ, ಸೈಲೆನ್ಸರ್, ಬಾಗಿಲುಗಳ ಕೆಳ ಅಂಚು, ಹಿಂದಿನ ಚಕ್ರದ ಒಳಬದಿ ಎಲ್ಲ ಕಡೆ ತುಕ್ಕು ಹುಡುಕಿ. ಮಳೆಗಾಲಕ್ಕೆ ಮೊದಲು ಅಡಿಗೆ ಆ್ಯಂಟಿ ರಸ್ಟ್ ಕೋಟಿಂಗ್ ಹೊಡೆಸುವುದು, ಮಳೆಗಾಲ ಮುಗಿದ ಮೇಲೆ ಕೆಸರೆಲ್ಲ ಹೋಗುವ ಹಾಗೆ ಅಡಿಯಿಂದ ತೊಳೆಸುವುದು, ಇಷ್ಟನ್ನು ನಾನು ತಪ್ಪಿಸುವುದಿಲ್ಲ. ವೈಪರ್ ಬ್ಲೇಡ್ ಮೇ ತಿಂಗಳಲ್ಲೇ ಬದಲಿಸಿಬಿಡಿ. ಟೈರಿನ ಗೀಟು ಸವೆದಿದ್ದರೆ ಇನ್ನೊಂದು ಮಳೆಗಾಲ ಎಳೆಯಬೇಡಿ, ನೀರು ನಿಂತ ಹೆದ್ದಾರಿಯಲ್ಲಿ ಗಾಡಿ ತೇಲಿದರೆ ಎಂಥ ಒಳ್ಳೆಯ ಡ್ರೈವರ್‌ಗೂ ಏನೂ ಮಾಡಲಾಗುವುದಿಲ್ಲ. ಹೆಡ್‌ಲೈಟ್ ಹಳದಿ ಹ್ಯಾಲೋಜನ್ನೇ ಇರಲಿ. ಚಾರ್ಮಾಡಿ, ಆಗುಂಬೆಯ ಮಂಜಿನಲ್ಲಿ ಬಿಳಿ ಬಲ್ಬು ಎದುರಿಗೆ ಬೆಳ್ಳನೆಯ ಗೋಡೆ ಎಬ್ಬಿಸುತ್ತದೆ. ತೋಟದ ಮನೆಯವರಿಗೆ ಇಲಿ ಕಾಟವೂ ಉಂಟು, ಬಾನೆಟ್ ಒಳಗೆ ಬೆಚ್ಚಗೆ ಕೂತು ವಯರ್ ಕಡಿಯುತ್ತವೆ. ಗಾಡಿಯನ್ನು ತುಂಬಾ ದಿನ ನಿಲ್ಲಿಸಬೇಡಿ, ಎರಡು ದಿನಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ನೋಡಿ.

ಸ್ಪೇರ್ ಪಾರ್ಟ್ಸ್ ಸಿಗುತ್ತದಾ ಅನ್ನುವ ಹೆದರಿಕೆ ಎಲ್ಲರಿಗೂ ಇರುವುದೇ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಫಿಗೋ ತಯಾರಾಗುತ್ತಿದ್ದ ಗುಜರಾತಿನ ಸಾನಂದ್ ಕಾರ್ಖಾನೆ 2023ರ ಜನವರಿಯಲ್ಲಿ ಟಾಟಾದವರ ಕೈಗೆ ಹೋಯಿತು. ಆದರೆ ಈ 1.5 ಡೀಸೆಲ್ ಇಂಜಿನ್ ಫಿಗೋಗೆ ಮಾತ್ರ ಇದ್ದದ್ದಲ್ಲ. ಫೋರ್ಡಿನದ್ದೇ ಇಕೋಸ್ಪೋರ್ಟ್, ಆಸ್ಪೈರ್, ಫ್ರೀಸ್ಟೈಲ್ ಎಲ್ಲದರಲ್ಲೂ ಇದೇ. ಆ ಗಾಡಿಗಳು ನಮ್ಮ ರಸ್ತೆಯಲ್ಲಿ ಇನ್ನೂ ತುಂಬಾ ಓಡುತ್ತಿವೆ, ಹಾಗಾಗಿ ಫಿಲ್ಟರ್, ಬೆಲ್ಟ್, ಬ್ರೇಕ್ ಪ್ಯಾಡ್, ಕ್ಲಚ್‌ಗೆ ನನಗೆ ಇವತ್ತಿನವರೆಗೆ ತೊಂದರೆ ಆಗಿಲ್ಲ. ಬಂಪರ್, ಹೆಡ್‌ಲೈಟ್, ಗಾಜು ಇಂಥವಕ್ಕೆ ಮೊದಲೇ ಅಂಗಡಿಯಲ್ಲಿ ವಿಚಾರಿಸಿಟ್ಟುಕೊಳ್ಳಿ. ಪಾರ್ಟ್ಸ್‌ಗಿಂತ ಕಷ್ಟ ಒಳ್ಳೆಯ ಮೆಕ್ಯಾನಿಕ್ ಸಿಗುವುದು. ಗಾಡಿ ಎಳೆಯುತ್ತಿಲ್ಲ ಅಂತ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ, ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಅಂತ ದೊಡ್ಡ ಮೊತ್ತ ಹೇಳಿದರು. ಇನ್ನೊಬ್ಬರ ಹತ್ತಿರ ತೋರಿಸಿದಾಗ ಕಟ್ಟಿಕೊಂಡದ್ದು ಡೀಸೆಲ್ ಫಿಲ್ಟರ್ ಮಾತ್ರ! ಅವತ್ತಿನಿಂದ ಗಾಡಿ ಅವರ ಕೈಯಲ್ಲೇ.

ತಗೊಳ್ಳುವವರು ನೋಡಬೇಕಾದ ಮುಖ್ಯ ಸಂಗತಿ ಟೈಮಿಂಗ್ ಬೆಲ್ಟ್, ಇಂಜಿನ್ ಒಳಗಿನ ಭಾಗಗಳನ್ನು ಹೊಂದಿಕೆಯಲ್ಲಿ ತಿರುಗಿಸುವ ಪಟ್ಟಿ. ಈ ಇಂಜಿನ್‌ನಲ್ಲಿ ಚೈನ್ ಅಲ್ಲ, ಬೆಲ್ಟ್. ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನು ರೇಟಿನಲ್ಲಿ ಕಡಿಮೆ ಮಾಡಿಸಿ. ಅದು ತುಂಡಾದರೆ ಇಂಜಿನ್ನಿಗೇ ಪೆಟ್ಟು. 2020ರ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದು ಸ್ವಚ್ಛ ಆಗಬೇಕಾದರೆ ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ನಿಲ್ಲದೆ ಓಡಬೇಕು. ನಾಲ್ಕು ಕಿಲೋಮೀಟರ್ ಓಡಿಸುವವರಿಗೆ ಬೇಡ ಅಂದದ್ದು ಇದಕ್ಕೇ. ಎಬಿಎಸ್ (ಜೋರು ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇಲ್ಲದ ಕೆಳಗಿನ ಮಾಡೆಲ್ ಎಷ್ಟು ಕಡಿಮೆಗೆ ಸಿಕ್ಕಿದರೂ ಬಿಡಿ, ನಮ್ಮ ಮಳೆಯಲ್ಲಿ ಅದಿಲ್ಲದೆ ಆಗುವುದಿಲ್ಲ. ಮೇಲಿನ ಮಾಡೆಲ್ ಟೈಟಾನಿಯಂ ಪ್ಲಸ್ ಸಿಕ್ಕಿದರೆ ಬಿಡಬೇಡಿ, ಅದರಲ್ಲಿ 6 ಏರ್‌ಬ್ಯಾಗ್ ಉಂಟು. ದೆಹಲಿಯಲ್ಲಿ ತಂದಿದ್ದ ಹಾಗೆ ಡೀಸೆಲ್ ಕಾರಿಗೆ 10 ವರ್ಷದ ಮಿತಿ ನಮ್ಮಲ್ಲಿಲ್ಲ, ಆದರೆ ಆ ಕಡೆಯಿಂದ ತಂದ ಗಾಡಿ ಅಂತ ಗೊತ್ತಾದರೆ ಕಾಗದಪತ್ರ ಎರಡೆರಡು ಸಲ ನೋಡಿ.

ಟೆಸ್ಟ್ ಡ್ರೈವ್‌ಗೆ ಸಮತಟ್ಟು ರಸ್ತೆ ಬೇಡ. ಉಡುಪಿಯವರು ಮಣಿಪಾಲದ ಏರಿಗೆ ತನ್ನಿ, ಮಂಗಳೂರಿನವರು ಕದ್ರಿ ಗುಡ್ಡೆಗೆ. ಎಸಿ ಹಾಕಿ, ನಾಲ್ಕು ಜನ ಕೂತು, ಏರಿನ ನಡುವೆ ಪೂರ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಹೊರಡಿ. ಕ್ಲಚ್ ಜಾರುತ್ತದಾ, ಕಪ್ಪು ಹೊಗೆ ಬರುತ್ತದಾ, ಎರಡನೇ ಗೇರಿನಲ್ಲಿ ಟರ್ಬೊ ಹಿಡಿಯುವ ಹೊತ್ತಿಗೆ ಎಳೆತ ಬರುತ್ತದಾ ನೋಡಿ. ಬಾರದಿದ್ದರೆ ಕೀ ವಾಪಸ್ ಕೊಟ್ಟು ಬೇರೆ ಗಾಡಿ ಹುಡುಕಿ, ಇನ್ನೂ ಸಿಗುತ್ತವೆ.