‘ಪ್ಯಾನಲ್ ಹೋಗಿದೆ’ ಅಂದ ತಕ್ಷಣ ಮಾನಿಟರ್ ಕೊಟ್ಟು ಕಳಿಸಬೇಡಿ

ರಿಪೇರಿಯವರು ಮನೆಗೆ ಬಂದು ಎರಡು ನಿಮಿಷ ನೋಡಿ "ಪ್ಯಾನಲ್ ಹೋಗಿದೆ ಸರ್, ಅಂಗಡಿಗೆ ತಗೊಂಡು ಹೋಗ್ಬೇಕು" ಅಂದರೆ ದಯವಿಟ್ಟು ಮಾನಿಟರ್ ಕೊಟ್ಟು ಕಳಿಸಬೇಡಿ. ಪ್ಯಾನಲ್ ಅಂದರೆ ಮಾನಿಟರಿನಲ್ಲಿ ಚಿತ್ರ ಮೂಡುವ ತೆರೆಯ ಭಾಗ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಮಾನಿಟರಿನಲ್ಲೇ ಇರುವ ಮೆನು ಬಟನ್ ಒತ್ತಿ ನೋಡಿ. ಅವರ ಎದುರಿಗೇ ನೋಡಿ. ದಾವಣಗೆರೆಯಲ್ಲಿರುವ ನಮ್ಮಕ್ಕನ ಮನೆಯಲ್ಲಿ ಬರೀ ಕೇಬಲ್ ತೊಂದರೆಗೆ ಸಾವಿರಾರು ರೂಪಾಯಿ ಹೋಯಿತು. ದುಡ್ಡಿನ ಜೊತೆಗೆ ಚೆನ್ನಾಗಿದ್ದ ಪ್ಯಾನಲ್ ಕೂಡ ಹೋಯಿತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುತ್ತಿಲ್ಲ; ದೂರು ಕೊಟ್ಟಿದ್ದೇವೆ, ಅದು ನಡೆಯಬೇಕಾದ ಕಡೆ ನಡೆಯಲಿ.

ಅಕ್ಕನ ಮಗ ಸೆಕೆಂಡ್ ಪಿಯುಸಿ. ಆನ್‌ಲೈನ್ ಕ್ಲಾಸು, ಮಾಕ್ ಟೆಸ್ಟು ಎಲ್ಲ ಆ ಕಂಪ್ಯೂಟರಿನಲ್ಲೇ. ಪರೀಕ್ಷೆ ಹತ್ತಿರ ಬಂದಾಗ ತೆರೆ ಇದ್ದಕ್ಕಿದ್ದಂತೆ ಕಪ್ಪಾಗುವುದು, ಒಂದೆರಡು ಸೆಕೆಂಡಿಗೆ ಮತ್ತೆ ಬರುವುದು ಶುರುವಾಯಿತು. ನೀರಿನ ಮೋಟರ್ ಹಾಕಿದಾಗ, ಮೇಜು ಸ್ವಲ್ಪ ಅಲುಗಿದಾಗ ಜಾಸ್ತಿ. ಕರೆಸಿದ ಹುಡುಗನಿಗೆ ಭಾವ ಇದನ್ನೆಲ್ಲ ಬಿಡಿಸಿ ಹೇಳಿದ್ದರು. ಮೇಜು ಅಲುಗಿದರೆ ಚಿತ್ರ ಹೋಗುತ್ತದೆ ಅಂದಮೇಲೆ ಈ ಕೆಲಸ ಗೊತ್ತಿರುವ ಯಾರಾದರೂ ಮೊದಲು ಕೈ ಹಾಕುವುದು ಕೇಬಲ್ಲಿಗೆ. ಅವನು ಕೇಬಲ್ ಮುಟ್ಟಿಯೂ ನೋಡಲಿಲ್ಲ. "ಡಿಸ್‌ಪ್ಲೇ ವೀಕ್ ಆಗಿದೆ, ಹೀಗೇ ಬಿಟ್ರೆ ಪೂರ್ತಿ ಹೋಗುತ್ತೆ" ಅಂದು ಮಾನಿಟರ್ ಎತ್ತಿಕೊಂಡು ಹೋದ. ಚೀಟಿ ಕೊಡಲಿಲ್ಲ. ವಾಪಸ್ ತಂದು ಹಾಕಿದಾಗ ಪ್ಯಾನಲ್ ಬದಲಿಸಿದ್ದೇವೆ ಅಂತ 5,800 ರೂಪಾಯಿ ತೆಗೆದುಕೊಂಡರು. ಬಿಲ್ ಕೇಳಿದ್ದಕ್ಕೆ "ಆಮೇಲೆ ಕಳಿಸ್ತೀವಿ ಸರ್".

ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಈ ಸಲ ಅಂಗಡಿಯಿಂದ ಬಂದ ಉತ್ತರ: ಮದರ್‌ಬೋರ್ಡ್ ಹೋಗಿದೆ, ಇನ್ನೊಂದು ಏಳು ಸಾವಿರ ಆಗಬಹುದು, ಸಿಪಿಯು ಕಳಿಸಿಕೊಡಿ. ಆಗ ಭಾವ ನನಗೆ ಫೋನ್ ಮಾಡಿದರು. ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಕಪ್ಪಾಗುವ ಮಾನಿಟರುಗಳು ದಿನಾ ಕೈಗೆ ಸಿಗುತ್ತವೆ. ಸಿಪಿಯು ಕೊಡಬೇಡಿ ಅಂತ ಹೇಳಿ ಆ ಶನಿವಾರವೇ ಹೊರಟೆ.

ಹೋಗಿ ನೋಡಿದರೆ, ಮೇಜನ್ನು ಗೋಡೆಗೆ ಒತ್ತಿ ಇಟ್ಟಿದ್ದಾರೆ. ಎಚ್‌ಡಿಎಂಐ ಕೇಬಲಿನ (ಚಿತ್ರವನ್ನು ಮಾನಿಟರಿಗೆ ಒಯ್ಯುವ ಕೇಬಲ್) ಪಿನ್ನು ಗೋಡೆಗೂ ಸಿಪಿಯುಗೂ ನಡುವೆ ಸಿಕ್ಕಿಕೊಂಡು, ತಲೆಯ ಹತ್ತಿರವೇ ಕೇಬಲ್ ಲಂಬಕೋನಕ್ಕೆ ಮಡಚಿಹೋಗಿದೆ. ಬೆರಳಿನಿಂದ ಸ್ವಲ್ಪ ಅಲ್ಲಾಡಿಸಿದೆ, ತೆರೆ ಕಪ್ಪಾಯಿತು. ಬಿಟ್ಟೆ, ಬಂತು. ಅದೇ ಕೇಬಲನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದರೆ ಅಲ್ಲೂ ಹಾಗೇ. ಅಂದಮೇಲೆ ಮದರ್‌ಬೋರ್ಡ್ ಮಾತೇ ಇಲ್ಲ. ಬೇರೆ ಕೇಬಲ್ ಹಾಕಿ ಮೋಟರ್ ಆನ್ ಮಾಡಿಸಿ, ಆಫ್ ಮಾಡಿಸಿ ನೋಡಿದೆ, ತೆರೆ ಕದಲಲಿಲ್ಲ. ಒಳಗಿನ ತಂತಿ, ಮೇಲಿನ ಕವಚ ಹಾಳಾದ ಕೇಬಲ್ ಮೋಟರಿನಂಥ ದೊಡ್ಡ ಯಂತ್ರದ ಸ್ವಿಚ್ ಹಾಕಿದಾಗ ಹುಟ್ಟುವ ವಿದ್ಯುತ್ ಗದ್ದಲವನ್ನೂ ಹಿಡಿದುಕೊಳ್ಳುತ್ತದೆ. ಸಿಗ್ನಲ್ ಒಂದು ಕ್ಷಣ ತಪ್ಪಿದರೆ ಮಾನಿಟರ್ ಕಪ್ಪಾಗಿ, ಮತ್ತೆ ಸಿಗ್ನಲ್ ಹುಡುಕಿಕೊಂಡು ಬರುತ್ತದೆ. ಆ ಒಂದೆರಡು ಸೆಕೆಂಡು ಅದೇ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ತಲೆಯೆತ್ತಿ, "ಇಲ್ಲಿಂದ ನೋಡಿದ್ರೆ ಎಲ್ಲರ ಮುಖ ಕಪ್ಪಗೆ ಕಾಣ್ತದೆ ಕಣೋ, ಮೊದಲು ಹೀಗಿರಲಿಲ್ಲ" ಅಂದಳು. "ಹೌದು ಮಾಮ, ಬಣ್ಣಾನೂ ಮಾಸಿದೆ" ಅಂದ ಅವಳ ಮಗ. ನಾನೂ ನೆಲಕ್ಕೆ ಕೂತು ನೋಡಿದೆ. ಕೆಳಗಿನಿಂದ ನೋಡಿದರೆ ಚಿತ್ರ ಫೋಟೋ ನೆಗೆಟಿವ್ ಥರ ತಿರುಗಾಮುರುಗಾ. ಟಿಎನ್ ಅನ್ನುವ ಅಗ್ಗದ ಬಗೆಯ ಪ್ಯಾನಲ್ಲಿನ ಗುಣ ಇದು. ಐಪಿಎಸ್ ಅನ್ನುವ ಇನ್ನೊಂದು ಬಗೆಯ ಪ್ಯಾನಲ್ಲಿನಲ್ಲಿ ಪಕ್ಕದಿಂದ ನೋಡಲಿ, ಕೆಳಗಿನಿಂದ ನೋಡಲಿ, ಬಣ್ಣ ಹೀಗೆ ಮಗುಚುವುದಿಲ್ಲ. ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿದರೆ ಅದರ ಮೇಲೆ ದಪ್ಪ ಅಕ್ಷರದಲ್ಲಿ ಐಪಿಎಸ್, 75 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವ ಲೆಕ್ಕ, ಅದೇ ರಿಫ್ರೆಶ್ ರೇಟ್) ಅಂತಿದೆ. ವಿಂಡೋಸ್ ಸೆಟ್ಟಿಂಗ್ಸಿನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ಈಗ 60 ಬಿಟ್ಟು ಬೇರೆ ಸಂಖ್ಯೆಯೇ ಇಲ್ಲ. ಆನ್ ಮಾಡಿದಾಗ ಬರುತ್ತಿದ್ದ ಕಂಪನಿಯ ಲೋಗೋ ಇಲ್ಲ. ಮೆನು ಒತ್ತಿದರೆ ಅದೂ ಬೇರೆಯದೇ. ಅಂದರೆ ಪ್ಯಾನಲ್ ಜೊತೆಗೆ ಒಳಗಿನ ಬೋರ್ಡನ್ನೂ ತೆಗೆದು, ಯಾವುದಕ್ಕೂ ಹೊಂದುವ ಅಗ್ಗದ ಬೋರ್ಡ್ ಕೂರಿಸಿದ್ದಾರೆ. ಹೊರಗಿನ ಪ್ಲಾಸ್ಟಿಕ್ಕು, ಹಿಂದಿನ ಸೀರಿಯಲ್ ನಂಬರ್ ಸ್ಟಿಕರ್ ಮಾತ್ರ ನಮ್ಮದು.

ಇದಕ್ಕೆ ಪುರಾವೆ ಸಿಕ್ಕಿದ್ದು ಕಂಪ್ಯೂಟರಿನೊಳಗೇ. ಇದನ್ನು ಎಲ್ಲರೂ ತಿಳಿದಿರಲಿ ಅಂತ ಬಿಡಿಸಿ ಹೇಳುತ್ತೇನೆ. ಪ್ರತಿ ಮಾನಿಟರಿನ ಬೋರ್ಡಿನಲ್ಲಿ ಇಡಿಐಡಿ ಅನ್ನುವ ಪುಟ್ಟ ಮಾಹಿತಿ ಇರುತ್ತದೆ: ತಯಾರಕರ ಮೂರಕ್ಷರದ ಗುರುತು, ಮಾಡೆಲ್ ಸಂಖ್ಯೆ, ತಯಾರಾದ ವರ್ಷ, ಯಾವ ರೆಸಲ್ಯೂಷನ್ ತೋರಿಸಬಲ್ಲದು ಅನ್ನುವುದು. ಕೇಬಲ್ ಚುಚ್ಚಿದ ಕೂಡಲೇ ಕಂಪ್ಯೂಟರ್ ಅದನ್ನು ಓದಿಕೊಳ್ಳುತ್ತದೆ, ಹಿಂದೆ ಜೋಡಿಸಿದ್ದ ಮಾನಿಟರುಗಳ ಗುರುತನ್ನೂ ಉಳಿಸಿಕೊಳ್ಳುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ, ಮಾನಿಟರ್ಸ್ ಅನ್ನುವುದನ್ನು ಬಿಚ್ಚಿದರೆ ಈಗಿನದು ಗಾಢವಾಗಿಯೂ ಹಳೆಯವು ಮಸುಕಾಗಿಯೂ ಕಾಣುತ್ತವೆ. ಒಂದೊಂದರ ಪ್ರಾಪರ್ಟೀಸಿನ ಡೀಟೇಲ್ಸಿನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಅಕ್ಕನ ಮನೆಯಲ್ಲಿ ಮಸುಕಾಗಿದ್ದ ಸಾಲಿನಲ್ಲಿ ಪೆಟ್ಟಿಗೆಯ ಮೇಲಿದ್ದ ಕಂಪನಿಯ ಗುರುತು. ಗಾಢವಾಗಿದ್ದ ಸಾಲಿನಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಮೂರಕ್ಷರ. ಎರಡರದ್ದೂ ಫೋಟೋ ತೆಗೆದಿಟ್ಟುಕೊಂಡೆವು. ನೀವು ಇತ್ತೀಚೆಗೆ ಎಲ್ಲಾದರೂ ಮಾನಿಟರ್ ರಿಪೇರಿಗೆ ಕೊಟ್ಟು ತಂದಿದ್ದರೆ ಇವತ್ತೇ ಇದನ್ನೊಮ್ಮೆ ತೆರೆದು ನೋಡಿ.

ಇನ್ನು, ಮಾನಿಟರ್ ಕೈಕೊಟ್ಟಾಗ ಮನೆಯಲ್ಲೇ ನೋಡಬಹುದಾದದ್ದು. ಇದರಲ್ಲಿ ಬಹಳಷ್ಟಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ.

ತೆರೆಯ ಮೇಲೆ "ನೋ ಸಿಗ್ನಲ್" ಅಂತ ಬರುತ್ತಿದ್ದರೆ ಸಮಾಧಾನವಾಗಿರಿ. ಆ ಅಕ್ಷರ ಬರೆಯುತ್ತಿರುವುದು ಮಾನಿಟರೇ. ಅದಕ್ಕೆ ಕರೆಂಟ್ ಬರುತ್ತಿದೆ, ಬೆಳಕು ಇದೆ, ಪ್ಯಾನಲ್ ಇದೆ. ಬರದೇ ಇರುವುದು ಕಂಪ್ಯೂಟರಿನ ಚಿತ್ರ. ಕೇಬಲ್ ಗಟ್ಟಿಯಾಗಿ ಕೂತಿದೆಯಾ, ಮಾನಿಟರಿನ ಇನ್‌ಪುಟ್ ಎಚ್‌ಡಿಎಂಐಗೆ ಇದೆಯಾ ವಿಜಿಎಗೆ (ಹಳೆಯ ಬಗೆಯ ಕೇಬಲ್) ಇದೆಯಾ ನೋಡಿ. ಸಿಪಿಯುವಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು. ಇಂಟೆಲ್‌ನ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಲ್ಲಿ ಒಳಗೆ ಗ್ರಾಫಿಕ್ಸೇ ಇರುವುದಿಲ್ಲ, ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದರೆ ಎಷ್ಟು ಕಾದರೂ ಚಿತ್ರ ಬರದು. ಸಿಪಿಯು ಸ್ವಚ್ಛ ಮಾಡಿ ಜಾಗ ಬದಲಿಸಿದ ಮೇಲೆ ಚಿತ್ರ ಬರುತ್ತಿಲ್ಲ ಅನ್ನುವ ಮನೆಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ಫ್ಯಾನ್ ತಿರುಗುತ್ತಿದೆ, ಚಿತ್ರವಿಲ್ಲ, ಬೀಪ್ ಶಬ್ದ ಬರುತ್ತಿದೆ ಅಂದರೆ ಅನೇಕ ಸಲ ಸಿಪಿಯು ಒಳಗಿನ ಮೆಮೊರಿ ಪಟ್ಟಿ, ಅಂದರೆ ರ್‍ಯಾಮ್ ಸಡಿಲವಾಗಿರುತ್ತದೆ. ಧೂಳು, ತೇವ ಇರುವ ಮನೆಗಳಲ್ಲಿ ಇದು ಸಾಮಾನ್ಯ. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು ಚಿನ್ನದ ಬಣ್ಣದ ತುದಿ ಒರೆಸಿ ಮತ್ತೆ ಕೂರಿಸಿದರೆ ಸರಿಹೋಗುವ ಕೆಲಸಕ್ಕೆ "ಮದರ್‌ಬೋರ್ಡ್" ಅಂತ ಬಿಲ್ ಮಾಡುವವರಿದ್ದಾರೆ.

ಗೆರೆ ಬರುತ್ತಿದ್ದರೆ ಮೆನು ಬಟನ್ ಒತ್ತಿ. ಆ ಮೆನು ಮಾನಿಟರಿನೊಳಗೇ ಹುಟ್ಟುವುದು. ಮೆನುವಿನ ಮೇಲೂ ಗೆರೆ ಹಾದುಹೋದರೆ ದೋಷ ಮಾನಿಟರಿನದು. ಮೆನು ನಿಚ್ಚಳವಾಗಿದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಕೇಬಲ್ ಅಥವಾ ಕಂಪ್ಯೂಟರ್. ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿಕೊಂಡು ನೋಡುವುದೂ ಒಳ್ಳೆಯ ಉಪಾಯ: ಗೆರೆ ಸ್ಕ್ರೀನ್‌ಶಾಟಿನಲ್ಲೂ ಇದ್ದರೆ ಮಾನಿಟರ್ ನಿರಪರಾಧಿ.

ತೆರೆ ಪೂರ್ತಿ ಕತ್ತಲು, ಆದರೆ ಪವರ್ ದೀಪ ಉರಿಯುತ್ತಿದೆ ಅಂದಾಗ ಕೋಣೆಯ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಓರೆಯಾಗಿ ತೆರೆಗೆ ಹಿಡಿಯಿರಿ. ಐಕಾನುಗಳು ಮಬ್ಬಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ ಅಂತ ಅರ್ಥ. ಎಲ್‌ಇಡಿ ಪಟ್ಟಿಯದ್ದೋ ಅದಕ್ಕೆ ಕರೆಂಟ್ ಕೊಡುವ ಭಾಗದ್ದೋ ರಿಪೇರಿ ಅದು, ಪ್ಯಾನಲ್ ಬದಲಿಸುವ ಕೆಲಸವಲ್ಲ. ಹಳೆಯ ಮಾನಿಟರ್ ಬೆಳಿಗ್ಗೆ ಆನ್ ಆಗಲು ಸತಾಯಿಸಿ, ಬಿಸಿಯಾದ ಮೇಲೆ ಸರಿಯಾಗಿ ನಡೆಯುತ್ತಿದ್ದರೆ ಪವರ್ ಬೋರ್ಡಿನ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಭಾಗ) ಉಬ್ಬಿರುವ ಸಾಧ್ಯತೆ ಜಾಸ್ತಿ. ಬಿಡಿಭಾಗದ ಬೆಲೆ ಕೆಲವೇ ರೂಪಾಯಿ, ಕೂಲಿ ಸೇರಿ ಕೆಲವು ನೂರು. ಆದರೆ ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ ಜೋರಾಗಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಹಳೆಯ ವಿಜಿಎ ಕೇಬಲಿನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ತಂತಿ. ನೀಲಿ ತಪ್ಪಿದರೆ ತೆರೆ ಹಳದಿ, ಹಸಿರು ತಪ್ಪಿದರೆ ನೇರಳೆ ಮಿಶ್ರಿತ ಗುಲಾಬಿ. ಹೀಗೆ ಒಮ್ಮೆಗೇ ಬಣ್ಣ ಬದಲಾದರೆ ಪಿನ್ ಬಾಗಿದೆಯಾ ನೋಡಿ. "ಔಟ್ ಆಫ್ ರೇಂಜ್" ಬಂದರೆ ರೆಸಲ್ಯೂಷನ್ ಅಥವಾ ರಿಫ್ರೆಶ್ ರೇಟ್ ಮಾನಿಟರಿಗೆ ಮೀರಿದ್ದು. ಸೇಫ್ ಮೋಡಿನಲ್ಲಿ ತೆರೆದು ಇಳಿಸಿದರೆ ಆಯಿತು. ವಿಂಡೋಸ್ ನಡೆಯುತ್ತಿದ್ದಾಗ ಚಿತ್ರ ಮಾಯವಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ.

ಇಷ್ಟು ನೋಡಿದ ಮೇಲೂ ದೋಷ ಮಾನಿಟರಿನದೇ ಅಂತಾದರೆ ಮೊದಲು ವಾರಂಟಿ ನೋಡಿ. ಬಹಳಷ್ಟು ಬ್ರಾಂಡುಗಳು ನಮ್ಮಲ್ಲಿ ಮೂರು ವರ್ಷದ ವಾರಂಟಿ ಕೊಡುತ್ತವೆ, ಜನ ಒಂದೇ ವರ್ಷ ಅಂದುಕೊಂಡು ಹೊರಗೆ ಕೊಟ್ಟುಬಿಡುತ್ತಾರೆ. ಕಂಪನಿಯ ನಂಬರನ್ನು ಪೆಟ್ಟಿಗೆಯ ಮೇಲಿನಿಂದಲೋ ಅವರದೇ ವೆಬ್‌ಸೈಟಿನಿಂದಲೋ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ "ಕಸ್ಟಮರ್ ಕೇರ್" ನಂಬರುಗಳಲ್ಲಿ ನಕಲಿಗಳು ತುಂಬ ಇವೆ. ಕಂಪ್ಯೂಟರನ್ನು ದೂರದಿಂದ ನೋಡುವ ಆಪ್ ಹಾಕಿಕೊಳ್ಳಿ ಅಂತ ಆ ಕಡೆಯವರು ಹೇಳಿದರೆ ಫೋನ್ ಇಟ್ಟುಬಿಡಿ. ಸಡಿಲವಾದ ಕೇಬಲನ್ನು ಯಾರೂ ದೂರದಿಂದ ಸರಿಮಾಡಲಾರರು, ಆದರೆ ಆ ಆಪ್ ಮೂಲಕ ಬ್ಯಾಂಕ್ ಖಾತೆ ಖಾಲಿ ಮಾಡಬಲ್ಲರು. ಹಾಗೆ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೊರಗಿನ ಅಂಗಡಿಗೇ ಕೊಡಬೇಕಾಗಿ ಬಂದರೆ, ಮಾಡೆಲ್, ಸೀರಿಯಲ್ ನಂಬರ್, ತೊಂದರೆ ಏನು, ಅಂದಾಜು ಖರ್ಚೆಷ್ಟು ಅಂತ ಬರೆಸಿದ ಚೀಟಿ ಕೈಗೆ ಬರುವವರೆಗೆ ಮಾನಿಟರ್ ಬಿಡಬೇಡಿ. ಆನ್ ಮಾಡಿ ಮೆನು ತೋರಿಸುವ ಚಿಕ್ಕ ವಿಡಿಯೋ, ಪಕ್ಕದಿಂದ ಕೆಳಗಿನಿಂದ ಕಾಣುವ ಬಣ್ಣ, ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟ, ಎಲ್ಲ ಮೊಬೈಲಿನಲ್ಲಿರಲಿ. ತೆಗೆದ ಹಳೆಯ ಭಾಗ ವಾಪಸ್ ಬೇಕು ಅಂತ ಮೊದಲೇ ಹೇಳಿ. ಪ್ರಾಮಾಣಿಕರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಕಾಲೇಜಿಗೆ ಬರುವ ಮೆಕ್ಯಾನಿಕ್ ಕೆಟ್ಟ ಭಾಗವನ್ನು ತಾವಾಗಿಯೇ ಮೇಜಿನ ಮೇಲಿಟ್ಟು ತೋರಿಸಿ ಹೋಗುತ್ತಾರೆ. ಅಂಥವರ ಹೆಸರು ಕೆಡುವುದು ಇಂಥ ಅಂಗಡಿಗಳಿಂದಲೇ, ನನಗೆ ಹೆಚ್ಚು ಸಿಟ್ಟು ಬರುವುದೂ ಅದಕ್ಕೇ. ಪ್ಯಾನಲ್ ನಿಜವಾಗಿ ಹೋಗಿದ್ದರೂ ಬದಲಿಸುವ ಮುನ್ನ ಹೊಸ ಮಾನಿಟರಿನ ಬೆಲೆ ವಿಚಾರಿಸಿ. ಮಾನಿಟರಿನಲ್ಲಿ ಅತಿ ದುಬಾರಿ ಭಾಗ ಅದೇ, ಚಿಕ್ಕ ಮಾನಿಟರುಗಳಲ್ಲಿ ಈ ರಿಪೇರಿ ಲೆಕ್ಕಕ್ಕೆ ಬರುವುದು ಅಪರೂಪ.

ಭಾವ ನಾನು ಇಬ್ಬರೂ ಅಂಗಡಿಗೆ ಹೋದೆವು. ಹಾರ್ಡ್‌ವೇರ್ ಐಡಿಯ ಫೋಟೋ ತೋರಿಸಿದ ಮೇಲೆ ಮಾಲೀಕರು "ಹುಡುಗರು ಮಾಡಿರ್ಬೇಕು" ಅಂದರು. 3,000 ವಾಪಸ್ ಕೊಟ್ಟರು. ಹಳೆಯ ಪ್ಯಾನಲ್ ಎಲ್ಲಿ ಅಂದರೆ ಉತ್ತರವಿಲ್ಲ. ಬಿಲ್ ಆಗಲೂ ಕೊಡಲಿಲ್ಲ. ಸೇವೆಗೆ ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇವೆ, ಯುಪಿಐ ಪಾವತಿಯ ವಿವರವನ್ನೂ ಫೋಟೋಗಳನ್ನೂ ಜೊತೆಗೆ ಕೊಟ್ಟಿದ್ದೇವೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆ ನಡೆದು ಎರಡು ವರ್ಷದೊಳಗೆ ಹೋದರೆ ಸಾಕು. ನಿಮಗೂ ಇಂಥದ್ದೇ ಆಗಿದ್ದು ಬಿಲ್ ಇಲ್ಲ ಅಂತ ಸುಮ್ಮನಾಗಿದ್ದರೆ, ಪಾವತಿಯ ಮೆಸೇಜು, ವಾಟ್ಸಾಪ್ ಮಾತುಕತೆ ಅಳಿಸದೆ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ.